ಕಡಲಂಚಿನ ತಂಪು ಮಳೆಕಾಡು: ಮನೆಯವರು, ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವಳು. ಕೆಲವು ವರ್ಷಗಳಿಂದ ಅಮೆರಿಕದ ಸಿಯಾಟಲ್ ಹತ್ತಿರ ಇದ್ದೇನೆ. ಎರಡು ದಿನ ರಜೆ ಸಿಕ್ಕರೆ ಒಲಿಂಪಿಕ್ ಪರ್ಯಾಯ ದ್ವೀಪದ ಕಾಡಿಗೆ ಹೋಗಿಬಿಡುತ್ತೇನೆ. ಅಲ್ಲಿಂದ ಫೋಟೋ ಕಳಿಸಿದಾಗಲೆಲ್ಲ ಮನೆಯ ಗ್ರೂಪಿನಲ್ಲೂ ಗೆಳೆಯರ ಗ್ರೂಪಿನಲ್ಲೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು ಬರುತ್ತವೆ. ಪ್ರತಿ ಸಲ ತುಂಡು ತುಂಡಾಗಿ ಹೇಳುವ ಬದಲು ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಚಳಿ ದೇಶದಲ್ಲಿ ಮಳೆಕಾಡು ಹೇಗೆ ಬಂತು?

ಮಳೆಕಾಡಿಗೆ ಸೆಕೆ ಬೇಕೇ ಬೇಕು ಅಂತಿಲ್ಲ. ನೀರು ಬೇಕು. ಪಕ್ಕದಲ್ಲಿ ಸಮುದ್ರ, ಅದರ ಬೆನ್ನಿಗೇ ಬೆಟ್ಟಸಾಲು, ಸಮುದ್ರದಿಂದ ಬೆಟ್ಟದ ಕಡೆ ಬೀಸುವ ಗಾಳಿ. ಈ ಮೂರೂ ಕೂಡಿದ ಕಡೆ ಗಾಳಿ ಬೆಟ್ಟ ಹತ್ತುತ್ತಾ ತಣ್ಣಗಾಗಿ ತನ್ನ ನೀರನ್ನೆಲ್ಲ ಅಲ್ಲೇ ಸುರಿಸುತ್ತದೆ. ನಮ್ಮ ಸಹ್ಯಾದ್ರಿಯಲ್ಲಿ ಆಗುವುದೂ ಇದೇ ಅಲ್ವಾ? ಇಲ್ಲಿ ಗಾಳಿ ಪೆಸಿಫಿಕ್ ಸಾಗರದಿಂದ ಬರುತ್ತದೆ, ಮಳೆ ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ.

ಪುಸ್ತಕದ ಹೆಸರು ಸಮಶೀತೋಷ್ಣ ಮಳೆಕಾಡು. ವರ್ಷಕ್ಕೆ ಸುಮಾರು 1,400 ಮಿ.ಮೀ.ಗಿಂತ ಜಾಸ್ತಿ ಮಳೆ, ತಂಪಾದ ಬೇಸಿಗೆ, ಆ ಬೇಸಿಗೆಯಲ್ಲೂ ಅಷ್ಟಿಷ್ಟು ಮಳೆಯೋ ಮಂಜೋ ಇರಬೇಕು. ಕಾಳ್ಗಿಚ್ಚು ಅಪರೂಪ. ಮರ ಬೀಳಿಸುವುದು ಹೆಚ್ಚಾಗಿ ಗಾಳಿ.

ಇದು ಎಲ್ಲೆಲ್ಲಿ ಇದೆ?

ಚಿಲಿಯ ದಕ್ಷಿಣದಲ್ಲಿ, ನ್ಯೂಜಿಲೆಂಡಿನಲ್ಲಿ, ಟಾಸ್ಮೇನಿಯಾದಲ್ಲಿ, ನಾರ್ವೆಯಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಚೂರುಪಾರು ಕಾಡುಗಳಲ್ಲಿ. ಆದರೆ ಜಗತ್ತಿನಲ್ಲೇ ದೊಡ್ಡದು ಇಲ್ಲಿರುವುದು. ಕ್ಯಾಲಿಫೋರ್ನಿಯಾದ ಉತ್ತರದ ರೆಡ್‌ವುಡ್ ಕಾಡಿನಿಂದ ಶುರುವಾಗಿ ಓರೆಗನ್, ವಾಷಿಂಗ್ಟನ್, ಕೆನಡಾದ ಬ್ರಿಟಿಷ್ ಕೊಲಂಬಿಯಾ ದಾಟಿ ಅಲಾಸ್ಕಾದ ಕೋಡಿಯಾಕ್ ದ್ವೀಪದವರೆಗೆ, ಸುಮಾರು 4,000 ಕಿ.ಮೀ. ಉದ್ದ. ಅಗಲ ಮಾತ್ರ ಕಡಿಮೆ. ಬೆಟ್ಟ ದಾಟಿದರೆ ಮುಗೀತು. ಒಲಿಂಪಿಕ್ ಬೆಟ್ಟದ ಆಚೆ ಬದಿಯ ಸ್ಕ್ವಿಮ್ ಊರಿಗೆ ವರ್ಷಕ್ಕೆ ಬೀಳುವುದು ಸುಮಾರು 400 ಮಿ.ಮೀ. ಮಾತ್ರ.

ಮುಂದೆ ನಾನು ಹೇಳುವುದೆಲ್ಲ ಈ ಪೆಸಿಫಿಕ್ ಕರಾವಳಿಯ ಕಾಡಿನ ಬಗ್ಗೆ.

ಆಗುಂಬೆಗಿಂತ ಜಾಸ್ತಿ ಮಳೆನಾ?

ಅಪ್ಪ ಮೊದಲು ಕೇಳಿದ ಪ್ರಶ್ನೆ ಇದೇ. ನಾವು ಹೋಗುವ, ಒಲಿಂಪಿಕ್ ಪರ್ಯಾಯ ದ್ವೀಪದ ‘ಹೋ’ ಅನ್ನುವ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಆಗುಂಬೆಗೆ 7,000 ಮಿ.ಮೀ.ಗಿಂತ ಜಾಸ್ತಿ. ಆದ್ದರಿಂದ ಇಲ್ಲ. ಕೆನಡಾದ ವ್ಯಾಂಕೂವರ್ ದ್ವೀಪದ ಹೆಂಡರ್ಸನ್ ಸರೋವರದ ಹತ್ತಿರ ಮಾತ್ರ 6,500 ಮಿ.ಮೀ. ದಾಟುತ್ತದೆ, ಆಗುಂಬೆಯ ಹತ್ತಿರಕ್ಕೆ ಬರುವ ಜಾಗ ಅದು.

ಮಳೆಯ ರೀತಿಯೇ ಬೇರೆ. ನಮ್ಮಲ್ಲಿ ನಾಲ್ಕು ತಿಂಗಳು ಜಡಿದು ಹೊಡೆದು ಆಮೇಲೆ ಬಿಡುತ್ತದೆ. ಇಲ್ಲಿ ಅಕ್ಟೋಬರಿನಿಂದ ಮೇವರೆಗೆ ಸೋನೆಯ ಹಾಗೆ ಸುರಿಯುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಮಳೆ ಕಡಿಮೆಯಾದಾಗ ಸಮುದ್ರದಿಂದ ಮಂಜು ಬರುತ್ತದೆ. ಸೂಜಿಯಂಥ ಎಲೆಗಳು ಆ ಮಂಜನ್ನು ಹಿಡಿದು ಹನಿ ಹನಿಯಾಗಿ ಬುಡಕ್ಕೆ ಬೀಳಿಸುತ್ತವೆ. ಮರ ತನಗೆ ತಾನೇ ನೀರು ಹಾಕಿಕೊಳ್ಳುವುದನ್ನು ಕೆಳಗೆ ನಿಂತು ನೋಡಬಹುದು.

ಮರಗಳು ಯಾವುವು? ಎಷ್ಟು ದೊಡ್ಡವು?

ಸಿಟ್ಕಾ ಸ್ಪ್ರೂಸ್, ವೆಸ್ಟರ್ನ್ ಹೆಮ್ಲಾಕ್, ರೆಡ್ ಸೀಡರ್, ಡಗ್ಲಸ್ ಫರ್, ಉತ್ತರಕ್ಕೆ ಹೋದರೆ ಯೆಲ್ಲೋ ಸೀಡರ್, ದಕ್ಷಿಣದ ತುದಿಯಲ್ಲಿ ರೆಡ್‌ವುಡ್. ಜಗತ್ತಿನ ಅತಿ ಎತ್ತರದ ಮರ ಹೈಪೀರಿಯನ್ ಅನ್ನುವ ರೆಡ್‌ವುಡ್, ಸುಮಾರು 116 ಮೀಟರ್. 2006ರಲ್ಲಿ ಅದನ್ನು ಗುರುತಿಸಿದರು. ಆಮೇಲೆ ಜನ ಮುತ್ತಿ ಬುಡದ ಮಣ್ಣನ್ನೆಲ್ಲ ತುಳಿದು ಗಟ್ಟಿ ಮಾಡಿದ್ದರಿಂದ ಈಗ ಅಲ್ಲಿಗೆ ಹೋಗುವಂತಿಲ್ಲ, ಹೋದರೆ ದಂಡ. ಸಾವಿರ ವರ್ಷ ದಾಟಿದ ರೆಡ್ ಸೀಡರ್‌ಗಳಿವೆ. ಹೊಯ್ಸಳರ ಕಾಲಕ್ಕಿಂತ ಮೊದಲೇ ಮೊಳೆತ ಮರ ಇನ್ನೂ ನಿಂತಿದೆ ಅಂದರೆ ಮೈ ಜುಮ್ಮೆನ್ನುತ್ತದೆ.

ಅಷ್ಟೊಂದು ಮರ ಬಿದ್ದಿದೆ, ಯಾರೂ ಎತ್ತುವುದಿಲ್ಲವಾ?

ಚಿಕ್ಕಪ್ಪನಿಗೆ ನಾಟಾ ವ್ಯಾಪಾರ ಗೊತ್ತು, ಅವರ ಕಣ್ಣಿಗೆ ಅದೆಲ್ಲ ಹಾಳಾಗುತ್ತಿರುವ ಸೊತ್ತು. ಆದರೆ ಈ ಕಾಡಿನಲ್ಲಿ ಬಿದ್ದ ಮರವೇ ತೊಟ್ಟಿಲು. ನೆಲದ ಮೇಲೆ ಪಾಚಿ, ಜರೀಗಿಡ ಎಷ್ಟು ದಟ್ಟ ಇರುತ್ತವೆ ಅಂದರೆ ಚಿಕ್ಕ ಬೀಜ ಅಲ್ಲಿ ಬಿದ್ದರೆ ಮೇಲೇಳುವುದೇ ಕಷ್ಟ. ಬಿದ್ದ ದಿಮ್ಮಿಯ ಮೇಲೆ ಬಿದ್ದರೆ ಬೆಳಕು ಸಿಗುತ್ತದೆ, ಒಳಗಿನ ಕೊಳೆತ ಸೌದೆ ಸ್ಪಂಜಿನ ಹಾಗೆ ನೀರು ಹಿಡಿದಿಟ್ಟಿರುತ್ತದೆ. ಇಂಥ ದಿಮ್ಮಿಗೆ ಇಲ್ಲಿ ನರ್ಸ್ ಲಾಗ್ ಅನ್ನುತ್ತಾರೆ. ನಾನು ಸಾಕುತಾಯಿ ಮರ ಅನ್ನುತ್ತೇನೆ. ನೂರಾರು ವರ್ಷ ಕಳೆದು ದಿಮ್ಮಿ ಪೂರ್ತಿ ಮಣ್ಣಾದ ಮೇಲೆ, ಅದರ ಮೇಲೆ ಬೆಳೆದ ಮರಗಳು ಕಂಬದ ಸಾಲಿನ ಹಾಗೆ ನೆಟ್ಟಗೆ ಒಂದೇ ಗೆರೆಯಲ್ಲಿ ನಿಂತಿರುತ್ತವೆ, ಬೇರುಗಳ ನಡುವೆ ದಿಮ್ಮಿ ಇದ್ದ ಜಾಗ ಖಾಲಿ ಸುರಂಗದ ಹಾಗೆ ಉಳಿದಿರುತ್ತದೆ. ಮೊದಲ ಸಲ ನೋಡಿದಾಗ ಯಾರೋ ಸಾಲಾಗಿ ನೆಟ್ಟಿದ್ದಾರೆ ಅಂದುಕೊಂಡಿದ್ದೆ.

ಆ ದಿಮ್ಮಿ ಹೊಳೆಗೆ ಬಿದ್ದರೂ ಕೆಲಸ ಇದೆ. ಅದು ನೀರನ್ನು ತಡೆದು ಮಡು ಮಾಡುತ್ತದೆ. ಮೀನಿನ ಮರಿಗಳು ಪ್ರವಾಹದಲ್ಲಿ ಕೊಚ್ಚಿಹೋಗದೆ ಅಲ್ಲಿ ಉಳಿಯುತ್ತವೆ.

ಮರಕ್ಕೆಲ್ಲ ಪಾಚಿ ಜೋತುಬಿದ್ದಿದೆ. ಬಂದಳಿಕೆಯ ಹಾಗೆ ಮರವನ್ನು ತಿನ್ನುವುದಿಲ್ಲವಾ?

ಅಮ್ಮನ ಪ್ರಶ್ನೆ. ಇಲ್ಲ, ಇದು ಬಂದಳಿಕೆಯ ಜಾತಿಯಲ್ಲ. ಪಾಚಿ, ಜರೀಗಿಡ, ಕಲ್ಲುಹೂವು ಎಲ್ಲ ಮರದ ಮೇಲೆ ಕೂರುತ್ತವೆ, ಮರದ ರಸ ಹೀರುವುದಿಲ್ಲ. ಗಾಳಿ ಮತ್ತು ಮಳೆಯಿಂದಲೇ ಊಟ. ಕೆಲವು ಜಾತಿಯ ಕಲ್ಲುಹೂವು ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುತ್ತವೆ, ಉದುರಿದಾಗ ಅದು ಮರಕ್ಕೇ ಸಿಗುತ್ತದೆ.

ಇನ್ನೊಂದು ವಿಷಯವನ್ನು ಅಮ್ಮನಿಗೆ ಹೇಳಿದಾಗ ತುಂಬಾ ಖುಷಿಪಟ್ಟರು. ದೊಡ್ಡೆಲೆ ಮೇಪಲ್ ಮರದ ಕೊಂಬೆಗಳ ಮೇಲೆ ಪಾಚಿ ಕೊಳೆತು ಕೊಳೆತು ಒಂದು ಮಣ್ಣಿನ ಪದರವೇ ಆಗುತ್ತದೆ. ಆ ಮರ ತನ್ನ ಕೊಂಬೆಯಿಂದಲೇ ಬೇರು ಬಿಟ್ಟು ಆ ಮಣ್ಣಿಗೆ ಇಳಿಸುತ್ತದೆ! ನೆಲದಿಂದ ಎಷ್ಟೋ ಮೀಟರ್ ಮೇಲೆ, ಕೊಂಬೆಯಲ್ಲೇ ಬೇರು. ಇದೇ ಒಲಿಂಪಿಕ್ ಕಾಡಿನಲ್ಲಿ ಹಗ್ಗ ಕಟ್ಟಿಕೊಂಡು ಮರ ಹತ್ತಿ ಇದನ್ನು ಕಂಡು 1981ರಲ್ಲಿ ಪ್ರಕಟಿಸಿದವರು ನಳಿನಿ ನಾಡಕರ್ಣಿ. ತಂದೆ ಭಾರತದಿಂದ ಅಮೆರಿಕಕ್ಕೆ ಹೋದವರು. ಆಗ ಮರದ ನೆತ್ತಿಯನ್ನು ಹತ್ತಿ ನೋಡುತ್ತಿದ್ದ ವಿಜ್ಞಾನಿಗಳೇ ಕಡಿಮೆ.

ಸಾಲ್ಮನ್ ಮೀನಿಗೂ ಈ ಕಾಡಿಗೂ ಏನು ಸಂಬಂಧ?

ಇದಕ್ಕೆ ಉತ್ತರ ಉದ್ದ, ಯಾಕೆಂದರೆ ಈ ಕಾಡನ್ನು ನಾನು ಇಷ್ಟಪಡುವ ಮುಖ್ಯ ಕಾರಣ ಇದೇ.

ಸಾಲ್ಮನ್ ಹುಟ್ಟುವುದು ಕಾಡಿನ ಹಳ್ಳದಲ್ಲಿ. ಮರಿ ಸಮುದ್ರಕ್ಕೆ ಹೋಗುತ್ತದೆ. ಕೆಲವು ವರ್ಷ ಅಲ್ಲೇ ತಿಂದು ದಪ್ಪವಾಗುತ್ತದೆ. ಆಮೇಲೆ ತಾನು ಹುಟ್ಟಿದ ಹಳ್ಳವನ್ನೇ ಹುಡುಕಿಕೊಂಡು ವಾಪಸ್ ಬರುತ್ತದೆ, ಹೊಳೆಗೆ ಎದುರಾಗಿ ಈಜಿ, ಬಂಡೆ ಹಾರಿ, ಮೊಟ್ಟೆಯಿಟ್ಟು ಸಾಯುತ್ತದೆ. ಚಿನೂಕ್, ಕೋಹೋ, ಸಾಕೈ, ಪಿಂಕ್, ಚಮ್ ಈ ಐದೂ ಜಾತಿಯ ಕಥೆ ಹೀಗೇ. ಅಂದರೆ ಪ್ರತಿ ಶರತ್ಕಾಲ ಸಮುದ್ರದ ಸಾರ ಲಕ್ಷಗಟ್ಟಲೆ ಮೀನಿನ ರೂಪದಲ್ಲಿ ತಾನಾಗಿ ಬೆಟ್ಟ ಹತ್ತಿ ಬರುತ್ತದೆ.

ಅಲ್ಲಿ ಕರಡಿ ಕಾಯುತ್ತಿರುತ್ತದೆ. ಮೀನನ್ನು ಹಿಡಿದ ಮೇಲೆ ಹೊಳೆಯಲ್ಲೇ ತಿಂದರೆ ಇನ್ನೊಂದು ಕರಡಿ ಕಿತ್ತುಕೊಳ್ಳಬಹುದು, ಆದ್ದರಿಂದ ಕಾಡಿನೊಳಗೆ ಹೊತ್ತುಕೊಂಡು ಹೋಗುತ್ತದೆ. ಮೊಟ್ಟೆ, ಮಿದುಳು, ಕೊಬ್ಬಿನ ಭಾಗ ತಿಂದು ಉಳಿದದ್ದನ್ನು ಮರದ ಬುಡದಲ್ಲಿ ಬಿಟ್ಟು ಮತ್ತೆ ಹೊಳೆಗೆ ಹೋಗುತ್ತದೆ. ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ವಿಜ್ಞಾನಿ ಟಾಮ್ ರೀಮ್‌ಚೆನ್ ಬ್ರಿಟಿಷ್ ಕೊಲಂಬಿಯಾದ ಹೈಡಾ ಗ್ವಾಯ್ ದ್ವೀಪಗಳಲ್ಲಿ ರಾತ್ರಿಯಿಡೀ ಕೂತು ಲೆಕ್ಕ ಹಾಕಿದರು: ಒಂದು ಕರಡಿ ಒಂದು ಋತುವಿನಲ್ಲಿ ಸುಮಾರು 700 ಮೀನು ಹಿಡಿಯುತ್ತದೆ. ತಿನ್ನುವುದು ಅದರಲ್ಲಿ ಸುಮಾರು ಅರ್ಧ ಭಾಗ. ಉಳಿದದ್ದು ಕಾಗೆ, ಹದ್ದು, ಹುಳ, ಕೊನೆಗೆ ಬೇರಿನ ಪಾಲು.

ಇದು ಬರೀ ಊಹೆ ಅಲ್ಲ. ಸಮುದ್ರದ ಸಾರಜನಕದಲ್ಲಿ ನೈಟ್ರೋಜನ್-15 ಅನ್ನುವ ತೂಕದ ಬಗೆ ಜಾಸ್ತಿ ಇರುತ್ತದೆ. ಅದನ್ನು ಮರದ ಎಲೆಯಲ್ಲಿ, ಕಾಂಡದ ಉಂಗುರದಲ್ಲಿ ಅಳೆಯಬಹುದು. ಅಲಾಸ್ಕಾದಲ್ಲಿ ಸಾಲ್ಮನ್ ಬರುವ ಹೊಳೆಗಳ ದಂಡೆಯ ಗಿಡಮರಗಳನ್ನು ಅಳೆದಾಗ ಎಲೆಯಲ್ಲಿದ್ದ ಸಾರಜನಕದ 22ರಿಂದ 24% ಮೀನಿನಿಂದ ಬಂದದ್ದು ಅಂತ ಗೊತ್ತಾಯಿತು. 2001ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಮೀನು ಬರುವ ಹೊಳೆಯ ಪಕ್ಕದ ಸ್ಪ್ರೂಸ್ ಬೇಗ ಬೆಳೆಯುತ್ತದೆ ಅಂತಲೂ ಅದೇ ಅಧ್ಯಯನ ಹೇಳಿತು. ಅಡಿಕೆ ತೋಟಕ್ಕೆ ಬುಟ್ಟಿಯಲ್ಲಿ ಗೊಬ್ಬರ ಹೊತ್ತು ಗೊತ್ತಿರುವ ನನಗೆ, ಕರಡಿ ಇಡೀ ಕಾಡಿಗೆ ಗೊಬ್ಬರ ಹೊರುತ್ತದೆ ಅನ್ನುವುದು ತಕ್ಷಣ ಅರ್ಥವಾಯಿತು.

ಮರ ಬೆಳೆದು ಹೊಳೆಗೆ ನೆರಳು ಕೊಡುತ್ತದೆ. ನೆರಳಿದ್ದರೆ ನೀರು ತಣ್ಣಗಿರುತ್ತದೆ, ತಣ್ಣೀರಿದ್ದರೇ ಸಾಲ್ಮನ್ ಮರಿ ಬದುಕುತ್ತದೆ. ಮೀನನ್ನು ತಡೆದರೆ ಮರಕ್ಕೆ ಪೆಟ್ಟು, ಮರ ಕಡಿದರೆ ಮೀನಿಗೆ ಪೆಟ್ಟು. ಹಾಗಾಗಿ ಈ ಕಾಡನ್ನು ಸುಮ್ನೆ ಮರಗಳ ಲೆಕ್ಕದಲ್ಲಿ ಉಳಿಸಲು ಆಗುವುದಿಲ್ಲ.

ಈ ಕಾಡಿನಲ್ಲಿ ಬಿಳಿ ಕರಡಿ ಇದೆಯಂತೆ, ಅದು ಹಿಮಕರಡಿನಾ?

ಅಲ್ಲ. ಅದು ಕಪ್ಪು ಕರಡಿಯೇ. ಒಂದು ವಂಶವಾಹಿಯ ವ್ಯತ್ಯಾಸದಿಂದ ಕೂದಲು ಬೆಣ್ಣೆಯ ಬಣ್ಣಕ್ಕೆ ಬರುತ್ತದೆ. ತಾಯಿ ತಂದೆ ಇಬ್ಬರ ಕಡೆಯಿಂದಲೂ ಅದು ಬಂದರೆ ಮಾತ್ರ ಮರಿ ಬಿಳಿ, ಅಪ್ಪ ಅಮ್ಮ ಇಬ್ಬರೂ ಕಪ್ಪಗಿದ್ದರೂ ಬಿಳಿ ಮರಿ ಹುಟ್ಟಬಹುದು. ಇಂಗ್ಲಿಷಿನಲ್ಲಿ ಸ್ಪಿರಿಟ್ ಬೇರ್, ಸಿಮ್ಶಿಯನ್ ಜನರ ಮಾತಿನಲ್ಲಿ ಮೋಕ್ಸ್‌ಗಮೋಲ್. ಬ್ರಿಟಿಷ್ ಕೊಲಂಬಿಯಾದ ಪ್ರಿನ್ಸೆಸ್ ರಾಯಲ್, ಗ್ರಿಬೆಲ್ ದ್ವೀಪಗಳ ಸುತ್ತ ಇವು ಜಾಸ್ತಿ. ಹಿಮಯುಗದ ನೆನಪು ಉಳಿಯಲಿ ಅಂತ ಕಾಡುಕಾಗೆ ಪ್ರತಿ ಹತ್ತು ಕರಡಿಗೆ ಒಂದನ್ನು ಬಿಳಿ ಮಾಡಿತು ಅಂತ ಅಲ್ಲಿಯವರ ಕಥೆ ಇದೆ. ಬೇಟೆಗಾರರಿಗೆ ಗೊತ್ತಾಗಬಾರದು ಅಂತ ಅಲ್ಲಿನ ಹಿರಿಯರು ಹೊರಗಿನವರ ಮುಂದೆ ಈ ಕರಡಿಯ ಮಾತನ್ನೇ ಎತ್ತುತ್ತಿರಲಿಲ್ಲವಂತೆ.

ಹಗಲಲ್ಲಿ ಮೀನು ಹಿಡಿಯುವಾಗ ಬಿಳಿ ಕರಡಿಗೆ ಕಪ್ಪು ಕರಡಿಗಿಂತ ಜಾಸ್ತಿ ಸಿಗುತ್ತದೆ. ನೀರಿನೊಳಗಿಂದ ಮೇಲೆ ನೋಡುವ ಮೀನಿಗೆ ಮೋಡದ ಆಕಾಶದ ಎದುರು ಬಿಳಿ ಮೈ ಅಷ್ಟಾಗಿ ಕಾಣುವುದಿಲ್ಲ.

ಸಮುದ್ರದ ಹಕ್ಕಿ ಕಾಡಿನಲ್ಲಿ ಗೂಡು ಕಟ್ಟುತ್ತದೆ ಅಂದಿದ್ದೆಯಲ್ಲ, ಯಾವುದು?

ಮಾರ್ಬಲ್ಡ್ ಮರ್‍ರೆಲೆಟ್. ಪುಟ್ಟ ಕಡಲ ಹಕ್ಕಿ. ಇದಕ್ಕೆ ವಿಜ್ಞಾನದ ಹೆಸರಿಟ್ಟಿದ್ದು 1789ರಲ್ಲಿ, ಆದರೆ ಅಮೆರಿಕದಲ್ಲಿ ಇದರ ಗೂಡು ಸಿಕ್ಕಿದ್ದು 1974ರಲ್ಲಿ! ಕ್ಯಾಲಿಫೋರ್ನಿಯಾದ ಬಿಗ್ ಬೇಸಿನ್ ಉದ್ಯಾನದಲ್ಲಿ ಕೊಂಬೆ ಸವರಲು ಮರ ಹತ್ತಿದ ಕೆಲಸಗಾರರೊಬ್ಬರಿಗೆ ಕೊಂಬೆಯ ಪಾಚಿಯ ಮೇಲೆ ಮರಿ ಕಂಡಿತು. ಅದು ಗೂಡು ಕಟ್ಟುವುದೇ ಇಲ್ಲ. ಹಳೇ ಮರದ ಅಗಲ ಕೊಂಬೆಯ ಪಾಚಿಯ ಗುಳಿಯಲ್ಲಿ ಒಂದೇ ಒಂದು ಮೊಟ್ಟೆ. ದಿನಾ ಸಮುದ್ರಕ್ಕೆ ಹೋಗಿ, ಹತ್ತಾರು ಕಿಲೋಮೀಟರ್ ಹಾರಿ ಮೀನು ತರುತ್ತದೆ. ಅಂಥ ಕೊಂಬೆ, ಅಂಥ ಪಾಚಿ ಎಳೆಯ ಮರದಲ್ಲಿ ಇರುವುದಿಲ್ಲ.

ಅಲ್ಲಿ ಜನ ಇರಲಿಲ್ಲವಾ? ಮನುಷ್ಯ ಮುಟ್ಟದ ಕಾಡಾ?

ಮನುಷ್ಯ ಮುಟ್ಟದ ಕಾಡು ಅನ್ನುವ ಮಾತು ನನಗೆ ಬೇಸರ ತರುತ್ತದೆ, ಯಾಕೆಂದರೆ ಅದು ಸುಳ್ಳು. ಬ್ರಿಟಿಷ್ ಕೊಲಂಬಿಯಾ ಕರಾವಳಿಯ ಮೂಲ ಜನರಾದ ಹೈಲ್ಟ್‌ಸುಕ್ ಜನರ ಟ್ರಿಕೆಟ್ ದ್ವೀಪದಲ್ಲಿ ಸುಮಾರು 14,000 ವರ್ಷ ಹಳೆಯ ಒಲೆಯ ಇದ್ದಿಲು ಸಿಕ್ಕಿದೆ. ಟ್ಲಿಂಗಿಟ್, ಹೈಡಾ, ಸಿಮ್ಶಿಯನ್, ನೂ-ಚಾ-ನುಲ್ತ್, ಹೋ, ಕ್ವಿನಾಲ್ಟ್, ಹೀಗೆ ಎಷ್ಟೋ ಜನಾಂಗಗಳ ಊರು ಇದು. ಕರಾವಳಿಯವರು ಮರುವಾಯಿ ಅನ್ನುತ್ತಾರಲ್ಲ, ಆ ಚಿಪ್ಪನ್ನು ಬೆಳೆಸಲು ಇವರು ಕಡಲಂಚಿನಲ್ಲಿ ಕಲ್ಲಿನ ಕಟ್ಟೆ ಕಟ್ಟುತ್ತಿದ್ದರು, ಮೂರು ಸಾವಿರ ವರ್ಷಕ್ಕಿಂತ ಹಳೆಯ ಕಟ್ಟೆಗಳಿವೆ.

ರೆಡ್ ಸೀಡರ್ ಅವರಿಗೆ ಕಲ್ಪವೃಕ್ಷ, ನಮ್ಮಲ್ಲಿ ತೆಂಗಿನ ಮರದ ಹಾಗೆ. ಕಾಂಡ ಕೊರೆದು ದೋಣಿ, ಹಲಗೆಯಿಂದ ಮನೆ, ತೊಗಟೆಯ ನಾರಿನಿಂದ ಬಟ್ಟೆ, ಹಗ್ಗ, ಚಾಪೆ. ಮರ ಸಾಯದ ಹಾಗೆ ಒಂದು ಪಟ್ಟಿ ತೊಗಟೆ ಮಾತ್ರ ಸುಲಿಯುತ್ತಿದ್ದರು, ನಿಂತ ಮರದಿಂದಲೇ ಹಲಗೆ ಸೀಳಿ ತೆಗೆಯುತ್ತಿದ್ದರು. ಆ ಗಾಯದ ಗುರುತು ಇವತ್ತಿಗೂ ಬದುಕಿರುವ ಮರಗಳ ಮೇಲಿದೆ. ಇದು ನಮ್ಮ ನೆಲ ಅಂತ ನ್ಯಾಯಾಲಯದಲ್ಲಿ ತೋರಿಸಲು ಆ ಗುರುತುಗಳೇ ಸಾಕ್ಷಿಯಾಗಿದ್ದೂ ಉಂಟು.

1862ರಲ್ಲಿ ವ್ಯಾಂಕೂವರ್ ದ್ವೀಪದ ವಿಕ್ಟೋರಿಯಾ ಊರಿನಿಂದ ಹರಡಿದ ಸಿಡುಬಿಗೆ ಊರಿಗೆ ಊರೇ ಖಾಲಿಯಾಯಿತು. 1885ರಿಂದ 1951ರವರೆಗೆ ಕೆನಡಾ ಸರಕಾರ ಎಲ್ಲರನ್ನೂ ಕರೆದು ಉಡುಗೊರೆ ಹಂಚುವ ಅವರ ಪಾಟ್‌ಲ್ಯಾಚ್ ಹಬ್ಬವನ್ನೇ ನಿಷೇಧಿಸಿತ್ತು. ಹೀಗೆ ಜನರನ್ನು ಮೂಲೆಗೆ ತಳ್ಳಿದ ಮೇಲೆ ಕಾಡು ಯಾರದೂ ಅಲ್ಲ ಅನ್ನುವ ಹಾಗೆ ಕಡಿತಲೆಯ ಗುತ್ತಿಗೆಗಳನ್ನು ಹಂಚಿದರು.

ಎಷ್ಟು ಕಾಡು ಕಡಿದಿದ್ದಾರೆ? ಮತ್ತೆ ನೆಟ್ಟರೆ ಆಗಲ್ವಾ?

ದಕ್ಷಿಣಕ್ಕೆ ಹೋದಷ್ಟೂ ಜಾಸ್ತಿ. ಹಳೇ ರೆಡ್‌ವುಡ್ ಕಾಡು ಉಳಿದಿರುವುದು ಸುಮಾರು 5% ಮಾತ್ರ. ಉತ್ತರಕ್ಕೆ ಹೋದಂತೆ ಉಳಿದದ್ದು ಹೆಚ್ಚು, ಆದರೆ ಅಲ್ಲೂ ಮೊದಲು ಹೋಗಿದ್ದು ಕಣಿವೆಯ ತಳದ ಅತಿ ದೊಡ್ಡ ಮರಗಳು. ನಕ್ಷೆಯಲ್ಲಿ ಹಸಿರು ಕಾಣುತ್ತದೆ, ಹೋಗಿ ನೋಡಿದರೆ ಬೆಟ್ಟದ ಮೇಲಿನ ಕುಳ್ಳ ಮರಗಳು.

ನೆಡುತ್ತಾರೆ. ಎಲ್ಲ ಒಂದೇ ವಯಸ್ಸಿನ ಮರ. ಅಲಾಸ್ಕಾದಲ್ಲಿ ಕಡಿದ ಜಾಗದಲ್ಲಿ 25-35 ವರ್ಷಕ್ಕೆ ನೆತ್ತಿ ಮುಚ್ಚಿಕೊಂಡು ಒಳಗೆ ಕತ್ತಲಾಗುತ್ತದೆ, ನೆಲದಲ್ಲಿ ಸೊಪ್ಪಿಲ್ಲ, ಜಿಂಕೆಗೆ ತಿನ್ನಲು ಏನೂ ಇರುವುದಿಲ್ಲ. ಆ ಸ್ಥಿತಿ ನೂರು ವರ್ಷಕ್ಕಿಂತ ಜಾಸ್ತಿ ಇರುತ್ತದೆ. ನಮ್ಮ ಕಡೆ ಕಾನು ಕಡಿದು ಅಕೇಶಿಯಾ ನೆಟ್ಟ ಜಾಗದಲ್ಲಿ ನಡೆದವರಿಗೆ ಆ ಮೌನ ಗೊತ್ತು. ಬೇರೆ ಬೇರೆ ವಯಸ್ಸಿನ ಮರ, ನಿಂತೇ ಸತ್ತ ಮರ, ಬಿದ್ದ ದಿಮ್ಮಿ, ಕೊಂಬೆಯ ಮೇಲಿನ ಮಣ್ಣು, ಇವೆಲ್ಲ ಸೇರಲು ಕೆಲವು ಶತಮಾನ ಬೇಕು. ಹೆಕ್ಟೇರಿಗೆ ಲೆಕ್ಕ ಹಾಕಿದರೆ ಈ ಹಳೇ ಕಾಡುಗಳು ಜಗತ್ತಿನಲ್ಲೇ ಅತಿ ಹೆಚ್ಚು ಇಂಗಾಲ ಹಿಡಿದಿಟ್ಟ ಕಾಡುಗಳ ಸಾಲಿಗೆ ಸೇರುತ್ತವೆ. ಕಡಿದರೆ ಅದರಲ್ಲಿ ದೊಡ್ಡ ಪಾಲು ಗಾಳಿಗೆ ಹೋಗುತ್ತದೆ.

ಇದನ್ನು ಉಳಿಸಿದವರು ಯಾರು?

ಮೊದಲು ನಿಂತವರು ಅಲ್ಲಿನ ಮೂಲ ಜನ. 1984ರಲ್ಲಿ ವ್ಯಾಂಕೂವರ್ ದ್ವೀಪದ ಟೋಫಿನೋ ಹತ್ತಿರದ ಮೀರ್ಸ್ ದ್ವೀಪಕ್ಕೆ ಕಡಿತಲೆಯವರು ಬಂದಾಗ ಟ್ಲಾ-ಓ-ಕ್ವಿ-ಆಹ್ಟ್ ಜನ ಅದನ್ನು ತಮ್ಮ ಬುಡಕಟ್ಟಿನ ಉದ್ಯಾನ ಅಂತ ಘೋಷಿಸಿದರು. ನ್ಯಾಯಾಲಯದ ತಡೆ ಸಿಕ್ಕಿತು, ಆ ಮರಗಳು ಇನ್ನೂ ಇವೆ. 1985ರಲ್ಲಿ ಹೈಡಾ ಜನ ಹೈಡಾ ಗ್ವಾಯ್‌ನ ಲೈಯಲ್ ದ್ವೀಪದಲ್ಲಿ ಕಡಿತಲೆಯವರ ರಸ್ತೆಗೆ ಅಡ್ಡ ನಿಂತರು. 72 ಜನರ ಬಂಧನವಾಯಿತು, ಅದರಲ್ಲಿ ಹಿರಿಯರೂ ಇದ್ದರು. ಅದರಿಂದಲೇ ಮುಂದೆ ಗ್ವಾಯ್ ಹಾನಸ್ ಸಂರಕ್ಷಿತ ಪ್ರದೇಶ ಬಂತು, 1993ರ ಒಪ್ಪಂದದ ಪ್ರಕಾರ ಹೈಡಾ ಜನ ಮತ್ತು ಕೆನಡಾ ಸರಕಾರ ಸೇರಿ ಅದನ್ನು ನೋಡಿಕೊಳ್ಳುತ್ತಾರೆ.

ಅದೇ 1993ರ ಬೇಸಿಗೆಯಲ್ಲಿ ವ್ಯಾಂಕೂವರ್ ದ್ವೀಪದ ಕ್ಲೇಯಕ್ವಾಟ್ ಸೌಂಡ್‌ ಪ್ರದೇಶದಲ್ಲಿ ಕಡಿತಲೆ ತಡೆಯಲು ಸಾವಿರಾರು ಜನ ಸೇರಿದರು. ದಿನಾ ಬೆಳಿಗ್ಗೆ ಲಾರಿಗಳು ಬರುವ ಸೇತುವೆಯ ಮೇಲೆ ಕೂರುವುದು, ಪೊಲೀಸರು ಎತ್ತಿಕೊಂಡು ಹೋಗುವುದು. 850ಕ್ಕಿಂತ ಜಾಸ್ತಿ ಜನರ ಬಂಧನ. 2000ದಲ್ಲಿ ಅದು ಯುನೆಸ್ಕೋ ಜೀವಗೋಳ ಮೀಸಲು ಆಯಿತು. ಆದರೂ ಪೂರ್ತಿ ರಕ್ಷಣೆಗೆ ಇನ್ನೂ ಕಾಯಬೇಕಾಯಿತು: ಅಲ್ಲಿನ ಸುಮಾರು 76,000 ಹೆಕ್ಟೇರಿಗೆ ಕಾಯಂ ರಕ್ಷಣೆ ಘೋಷಿಸಿದ್ದು 2024ರಲ್ಲಿ. ಲೆಕ್ಕ ಹಾಕಿ, 31 ವರ್ಷ.

ಗ್ರೇಟ್ ಬೇರ್ ಒಪ್ಪಂದ ಅಂದರೆ ಏನು?

ಬ್ರಿಟಿಷ್ ಕೊಲಂಬಿಯಾದ ಕರಾವಳಿಯಲ್ಲಿ 64 ಲಕ್ಷ ಹೆಕ್ಟೇರ್ ಪ್ರದೇಶ. ನಮ್ಮ ಕರ್ನಾಟಕದ ಮೂರನೇ ಒಂದು ಭಾಗದಷ್ಟು. ಇದಕ್ಕೆ ಗ್ರೇಟ್ ಬೇರ್ ರೇನ್‌ಫಾರೆಸ್ಟ್ ಅನ್ನುವ ಹೆಸರು ಕೊಟ್ಟಿದ್ದು 1990ರ ದಶಕದ ಹೋರಾಟಗಾರರು. ಹಳೇ ಕಾಡಿನ ಮರ ಕೊಳ್ಳಬೇಡಿ ಅಂತ ಯುರೋಪ್, ಅಮೆರಿಕದ ದೊಡ್ಡ ಗಿರಾಕಿಗಳನ್ನು ಒಪ್ಪಿಸಿದರು. ಮಾರುಕಟ್ಟೆಯ ಬಿಸಿ ತಟ್ಟಿದ ಮೇಲೆ ಕಂಪನಿಗಳು ಮಾತಿಗೆ ಕೂತವು. 2006ರಲ್ಲಿ ಮೊದಲ ಒಪ್ಪಂದ, 2016ರ ಫೆಬ್ರವರಿಯಲ್ಲಿ ಕೊನೆಯದು. 26 ಮೂಲ ಜನಾಂಗಗಳು, ಸರಕಾರ, ಪರಿಸರ ಸಂಘಟನೆಗಳು, ಕಡಿತಲೆಯ ಕಂಪನಿಗಳು ಎಲ್ಲ ಸೇರಿ ಮಾಡಿದ್ದು. ಕಾಡಿನ 85% ಭಾಗದಲ್ಲಿ ಕಡಿಯುವಂತಿಲ್ಲ, ಉಳಿದ 15%ರಲ್ಲಿ ಬಿಗಿ ನಿಯಮದ ಪ್ರಕಾರ ಕಡಿಯಬಹುದು.

ನನಗೆ ಇದರಲ್ಲಿ ಹಿಡಿಸಿದ್ದು ಹಣದ ಏರ್ಪಾಡು. ಕಾಡು ಕಡಿಯಬೇಡಿ ಅಂದರೆ ಅಲ್ಲಿನ ಜನ ಬದುಕುವುದು ಹೇಗೆ? ಅದಕ್ಕೆ ದಾನಿಗಳು, ಕೆನಡಾ ಸರಕಾರ, ಬ್ರಿಟಿಷ್ ಕೊಲಂಬಿಯಾ ಸರಕಾರ ಸೇರಿ 12 ಕೋಟಿ ಡಾಲರಿನ ನಿಧಿ ಮಾಡಿದರು. ಅದರಿಂದ ಅಲ್ಲಿನ ಊರುಗಳಲ್ಲಿ ಕರಡಿ ನೋಡುವ ಪ್ರವಾಸ, ಸಣ್ಣ ಉದ್ಯಮ, ಗಾರ್ಡಿಯನ್ ವಾಚ್‌ಮೆನ್ ಅನ್ನುವ ಕಾವಲು ತಂಡಗಳು ನಡೆಯುತ್ತವೆ. ಆ ಊರಿನ ಹುಡುಗ ಹುಡುಗಿಯರೇ ದೋಣಿಯಲ್ಲಿ ಹೋಗಿ ಮೀನು ಎಣಿಸುತ್ತಾರೆ, ಕಳ್ಳಬೇಟೆ ಕಾಯುತ್ತಾರೆ.

ಹಾಗಾದರೆ ಈಗ ಅಪಾಯ ಇಲ್ಲ ತಾನೇ?

ಇದೆ. 2016ರ ಅಕ್ಟೋಬರಿನಲ್ಲಿ, ಆ ಒಪ್ಪಂದವಾದ ವರ್ಷವೇ, ಅದೇ ಕರಾವಳಿಯ ಬೆಲ್ಲಾ ಬೆಲ್ಲಾ ಅನ್ನುವ ಊರಿನ ಹತ್ತಿರ ಒಂದು ಟಗ್ (ಬೇರೆ ಹಡಗನ್ನು ಎಳೆಯುವ ಹಡಗು) ಮುಳುಗಿ ಒಂದು ಲಕ್ಷ ಲೀಟರಿಗಿಂತ ಜಾಸ್ತಿ ಡೀಸೆಲ್ ಸೋರಿತು. ಹೈಲ್ಟ್‌ಸುಕ್ ಜನ ಚಿಪ್ಪು ಆಯುವ ಜಾಗ ಹಾಳಾಯಿತು. ಕಾಡಿಗೆ ಕಾಗದದ ಮೇಲೆ ರಕ್ಷಣೆ ಇದ್ದರೂ ಕಡಲಿಗೆ ಪೆಟ್ಟು ಬಿದ್ದರೆ ಅದು ಕಾಡಿಗೂ ಬಿದ್ದ ಹಾಗೆ. 2019ರಲ್ಲಿ ಕೆನಡಾ ಈ ಕರಾವಳಿಯಲ್ಲಿ ದೊಡ್ಡ ತೈಲ ಹಡಗುಗಳಿಗೆ ನಿಷೇಧದ ಕಾನೂನು ತಂದಿತು.

ವ್ಯಾಂಕೂವರ್ ದ್ವೀಪದ ಫೇರಿ ಕ್ರೀಕ್‌ನಲ್ಲಿ ಹಳೇ ಕಾಡು ಕಡಿಯುವುದರ ವಿರುದ್ಧ 2020ರಿಂದ ನಡೆದ ರಸ್ತೆ ತಡೆಯಲ್ಲಿ 1,100ಕ್ಕಿಂತ ಜಾಸ್ತಿ ಬಂಧನ ಆಯಿತು. ಅಲಾಸ್ಕಾದ ಟಾಂಗಸ್ ಅಮೆರಿಕದ ಅತಿ ದೊಡ್ಡ ರಾಷ್ಟ್ರೀಯ ಅರಣ್ಯ, ಸುಮಾರು 68 ಲಕ್ಷ ಹೆಕ್ಟೇರ್. ಅಲ್ಲಿ ಹೊಸ ರಸ್ತೆ ಮಾಡಬಾರದು ಅನ್ನುವ ನಿಯಮ 2001ರಲ್ಲಿ ಬಂತು, 2020ರಲ್ಲಿ ಟಾಂಗಸ್‌ಗೆ ಅದನ್ನು ತೆಗೆದರು, 2023ರಲ್ಲಿ ವಾಪಸ್ ಹಾಕಿದರು, 2025ರಲ್ಲಿ ಇಡೀ ನಿಯಮವನ್ನೇ ರದ್ದು ಮಾಡುತ್ತೇವೆ ಅಂತ ಸರಕಾರ ಹೇಳಿತು. ಐನೂರು ವರ್ಷದ ಮರದ ಹಣೆಬರಹ ನಾಲ್ಕು ವರ್ಷಕ್ಕೊಮ್ಮೆ ಬದಲಾಗುವುದು ನೋಡಿದರೆ ಸಂಕಟವಾಗುತ್ತದೆ.

ಗೂಬೆಗೋಸ್ಕರ ಜನರ ಕೆಲಸ ಹೋಯಿತು ಅಂತಾರೆ, ನಿಜವಾ?

ಅರ್ಧ ನಿಜ. ಸ್ಪಾಟೆಡ್ ಗೂಬೆಗೆ ಹಳೇ ಕಾಡೇ ಬೇಕು. 1990ರಲ್ಲಿ ಅದು ಅಪಾಯದ ಪಟ್ಟಿಗೆ ಸೇರಿತು, 1994ರ ಅಮೆರಿಕ ಸರಕಾರದ ವಾಯವ್ಯ ಅರಣ್ಯ ಯೋಜನೆಯಿಂದ ಸರಕಾರಿ ಕಾಡಿನಲ್ಲಿ ಕಡಿತಲೆ ತುಂಬಾ ಕಡಿಮೆಯಾಯಿತು. ಒಲಿಂಪಿಕ್ ಪರ್ಯಾಯ ದ್ವೀಪದ ಫೋರ್ಕ್ಸ್‌ನಂಥ ಊರುಗಳು ನಿಜವಾಗಿಯೂ ಕಷ್ಟಪಟ್ಟವು, ಅದನ್ನು ಹಗುರವಾಗಿ ಮಾತಾಡಬಾರದು. ಆದರೆ ಅದಕ್ಕೆ ಮೊದಲೇ ಮಿಲ್ಲುಗಳಿಗೆ ಯಂತ್ರ ಬಂದು ಆಳು ಕಡಿಮೆಯಾಗುತ್ತಿತ್ತು, ದಿಮ್ಮಿಗಳು ಸೀಳದೆಯೇ ಹಡಗು ಹತ್ತಿ ವಿದೇಶಕ್ಕೆ ಹೋಗುತ್ತಿದ್ದವು, ಮತ್ತು ಕಡಿಯಲು ಹಳೇ ಕಾಡೇ ಮುಗಿಯುತ್ತಾ ಬಂದಿತ್ತು.

ಹವಾಮಾನ ಬದಲಾವಣೆ ಅಲ್ಲೂ ಕಾಣುತ್ತಿದೆಯಾ?

ಯೆಲ್ಲೋ ಸೀಡರ್ ನೋಡಿ. ಬೇಸಿಗೆ ಸೆಕೆಗೆ ಸಾಯುತ್ತಿಲ್ಲ, ಚಳಿಗೆ ಸಾಯುತ್ತಿದೆ! ಅದರ ಬೇರು ಮೇಲ್ಮೇಲೆ ಇರುತ್ತದೆ, ಹಿಮ ಕಂಬಳಿಯ ಹಾಗೆ ಮುಚ್ಚಿ ಬೆಚ್ಚಗಿಡುತ್ತಿತ್ತು. ಈಗ ಹಿಮ ಬೀಳುವ ಬದಲು ಮಳೆ ಬೀಳುತ್ತದೆ. ಕಂಬಳಿ ಇಲ್ಲದ ಬೇರು ವಸಂತದ ಶುರುವಿನ ಒಂದು ಕೊರೆತಕ್ಕೆ ಹೆಪ್ಪುಗಟ್ಟಿ ಸಾಯುತ್ತದೆ. ಅಲಾಸ್ಕಾದಲ್ಲಿ ಎರಡು ಲಕ್ಷ ಹೆಕ್ಟೇರಿಗಿಂತ ಜಾಸ್ತಿ ಜಾಗದಲ್ಲಿ ಬೂದು ಬಣ್ಣದ ಒಣ ಮರಗಳು ನಿಂತಿವೆ.

ಒಂದಾದರೂ ಒಳ್ಳೆ ಸುದ್ದಿ ಹೇಳು.

ಎಲ್ವಾ ಹೊಳೆ. ಒಲಿಂಪಿಕ್ ಬೆಟ್ಟದಿಂದ ಇಳಿಯುವ ಈ ಹೊಳೆಗೆ 1913ರಲ್ಲಿ ಒಂದು, 1927ರಲ್ಲಿ ಇನ್ನೊಂದು ಅಣೆಕಟ್ಟು ಕಟ್ಟಿದರು. ಮೀನು ಹತ್ತಲು ದಾರಿಯನ್ನೇ ಬಿಡಲಿಲ್ಲ. ಹೊಳೆಯ ಬಾಯಲ್ಲಿ ವಾಸಿಸುವ ಕ್ಲಾಲಮ್ ಜನ ಸುಮಾರು ನೂರು ವರ್ಷ ಇದನ್ನು ನೋಡುತ್ತಾ ಕೂತರು. ಕೊನೆಗೆ 2011ರಲ್ಲಿ ಒಡೆಯಲು ಶುರು ಮಾಡಿ 2014ಕ್ಕೆ ಎರಡನ್ನೂ ತೆಗೆದರು. ಜಲಾಶಯದ ನೀರು ಇಳಿದಾಗ, ತಮ್ಮ ಜನ ಹುಟ್ಟಿದ ಜಾಗ ಅಂತ ಅವರು ತಲೆಮಾರುಗಳಿಂದ ಹೇಳುತ್ತಿದ್ದ ಬಂಡೆ ಹೊರಗೆ ಕಂಡಿತು. ಬರೀ ಹೂಳಿದ್ದ ಜಾಗದಲ್ಲಿ ಈಗ ಆಲ್ಡರ್, ವಿಲೋ ಗಿಡಗಳು ತಲೆಗಿಂತ ಎತ್ತರ ಬೆಳೆದಿವೆ. ಸಾಲ್ಮನ್ ವಾಪಸ್ ಬಂತು. 2023ರ ಅಕ್ಟೋಬರಿನಲ್ಲಿ ಕ್ಲಾಲಮ್ ಜನ ಆ ಹೊಳೆಯಲ್ಲಿ ಮತ್ತೆ ಕೋಹೋ ಮೀನು ಹಿಡಿದರು.

ನಾವು ಬಂದರೆ ಯಾವಾಗ, ಎಲ್ಲಿಗೆ ಹೋಗಬೇಕು?

ಸಿಯಾಟಲ್‌ನಿಂದ ಹೋ ಮಳೆಕಾಡಿಗೆ ಕಾರಿನಲ್ಲಿ ನಾಲ್ಕು ಗಂಟೆ. ಜುಲೈ ಆಗಸ್ಟಿನಲ್ಲಿ ಗೇಟಿನ ಮುಂದೆ ಉದ್ದ ಸಾಲು ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಮೀನು ನೋಡಬೇಕಾದರೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ಹಾಲ್ ಆಫ್ ಮಾಸಸ್ ಅನ್ನುವ ದಾರಿ ಒಂದೂವರೆ ಕಿಲೋಮೀಟರೂ ಇಲ್ಲ, ಅಪ್ಪ ಅಮ್ಮ ಆರಾಮವಾಗಿ ನಡೆದರು. ರೇನ್‌ಕೋಟ್ ಇರಲಿ. ನಮ್ಮ ಕಡೆಯ ಹಾಗೆ ಕಾಲಿಗೆ ಹತ್ತುವ ಉಂಬಳ ಇಲ್ಲ, ಆದರೆ ಬಾಳೆಹಣ್ಣಿನ ಬಣ್ಣದ, ಗೇಣುದ್ದದ, ಚಿಪ್ಪಿಲ್ಲದ ಬಸವನಹುಳು ದಾರಿಯಲ್ಲೇ ಮಲಗಿರುತ್ತದೆ, ನೋಡಿ ನಡೆಯಿರಿ. ದಾರಿ ಬಿಟ್ಟು ಪಾಚಿಯ ಮೇಲೆ ಕಾಲಿಡಬೇಡಿ, ಒಂದು ಹೆಜ್ಜೆಯ ಗುರುತು ಹೋಗಲು ವರ್ಷಗಳು ಬೇಕು. ಕಾರ್ ನಿಲ್ಲಿಸುವ ಜಾಗದ ಪಕ್ಕದಲ್ಲೇ ಸಣ್ಣ ಹಳ್ಳವೊಂದಿದೆ, ಎಲ್ಲರೂ ದಾಟಿ ಹೋಗಿಬಿಡುತ್ತಾರೆ. ನೀವು ಅಲ್ಲಿ ಐದು ನಿಮಿಷ ಬಗ್ಗಿ ನೋಡಿ. ನೀರು ತಿಳಿಯಾಗಿದ್ದರೆ ಬೆರಳುದ್ದದ ಕೋಹೋ ಮರಿಗಳು ಹುಲ್ಲಿನ ನಡುವೆ ನಿಂತಿರುವುದು ಕಾಣುತ್ತದೆ.